ರೇಡಿಯೋದ ಕಿವಿ ಯಾರ ಕೈಯಲ್ಲಿ?

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅಲ್ಲಿ ಹಾಡಿದವರ, ಮಾತನಾಡಿದವರ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರವಣಿಗೆಯಿದೆ. ಆದರೆ ಮನೆಯೊಳಗೆ ಅದನ್ನು ಯಾರು, ಎಲ್ಲಿ ಕೂತು, ಎಷ್ಟು ದನಿಯಲ್ಲಿ ಕೇಳಿದರು? ಸಂಶೋಧನೆಗೆಂದು ಹಳೆಯ ಕಡತ ಓದುವ ನನಗೆ ಈ ಪ್ರಶ್ನೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ, ಬೆಂಗೇರಿಯ ಸೋದರಮಾವನ ಮನೆಯಲ್ಲಿ.

ರಾಷ್ಟ್ರಧ್ವಜ ತಯಾರಿಸುವ ಖಾದಿ ಕೇಂದ್ರದಿಂದ ಹೆಸರಾದ ಊರು ಬೆಂಗೇರಿ. ಮಾವ ಅಲ್ಲಿ ಹೊಸ ಮನೆ ಕಟ್ಟಿಸಿದಾಗ ಪಡಸಾಲೆಯಲ್ಲಿ ಒಂದು ಆಂಪ್ಲಿಫೈಯರ್ ಇಟ್ಟು, ನಾಲ್ಕು ಕೋಣೆಗಳಿಗೆ ಸ್ಪೀಕರ್ ಹಾಕಿಸಿದ. ನಡುವೆ ಸ್ಪೀಕರ್ ಸೆಲೆಕ್ಟರ್ ಎಂಬ ಪೆಟ್ಟಿಗೆ. ಪ್ರತಿ ಕೋಣೆಯ ಗೋಡೆಗೂ ದನಿ ಏರಿಸಿ ಇಳಿಸುವ ಒಂದು ತಿರುಪು.

ಈ ಪೆಟ್ಟಿಗೆ ಯಾಕೆ ಬೇಕು? 8 ಓಮ್‌ನ ನಾಲ್ಕು ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಆಂಪ್ಲಿಫೈಯರ್‌ಗೆ ಕಾಣುವುದು ಬರೀ 2 ಓಮ್. ಆಗ ಅದು ಹೆಚ್ಚು ವಿದ್ಯುತ್ ಹರಿಸಲು ಹೋಗಿ ಕಾಯುತ್ತದೆ, ಕೆಲವೊಮ್ಮೆ ಸುಟ್ಟೂ ಹೋಗುತ್ತದೆ. ಸೆಲೆಕ್ಟರ್ ಆ ಹೊರೆಯನ್ನು ತಡೆಯುತ್ತದೆ. ಗೋಡೆಯ ತಿರುಪಿನ ಹಿಂದೆ ಸಾಮಾನ್ಯವಾಗಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದು, ಆ ಕೋಣೆಗೆ ಹೋಗುವ ವೋಲ್ಟೇಜನ್ನಷ್ಟೇ ತಗ್ಗಿಸುತ್ತದೆ. ಪಕ್ಕದ ಕೋಣೆಗೆ ಬಾಧೆಯಿಲ್ಲ.

ತಂತಿಯಲ್ಲಿ ದನಿ ಹಂಚುವುದು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1928ರಲ್ಲಿ ಶುರುವಾದ ರೀಡಿಫ್ಯೂಷನ್ ಕಂಪನಿ ತಂತಿ ಎಳೆದು ಮನೆಮನೆಗೆ ರೇಡಿಯೋ ಮುಟ್ಟಿಸಿತು. ಸೋವಿಯತ್ ಒಕ್ಕೂಟದ ಮನೆಗಳಲ್ಲಿದ್ದ ತಂತಿ ರೇಡಿಯೋಕ್ಕೆ ದಶಕಗಳ ಕಾಲ ಬರುತ್ತಿದ್ದದ್ದು ಒಂದೇ ಕಾರ್ಯಕ್ರಮ. ಕೇಳುಗರ ಪಾಲಿಗೆ ಉಳಿದದ್ದು ದನಿಯ ತಿರುಪು ಮಾತ್ರ.

ನಮ್ಮಲ್ಲಿ ರೇಡಿಯೋ ಇಡಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿದ್ದ ಕಾಲದಲ್ಲಿ, ಮನೆಗೊಂದು ಸೆಟ್ಟಿದ್ದರೆ ಅದೇ ದೊಡ್ಡದು. ಕಸೂತಿ ಬಟ್ಟೆ ಹೊದ್ದು ಅದು ಪಡಸಾಲೆಯಲ್ಲಿ ಕೂತಿರುತ್ತಿತ್ತು. ಕೆಲವು ವಾಲ್ವ್ ಸೆಟ್ಟುಗಳ ಬೆನ್ನಿಗೆ ಇನ್ನೊಂದು ಸ್ಪೀಕರ್ ಜೋಡಿಸಲು ತೂತುಗಳಿದ್ದವು. ಅಂದರೆ ಅಡುಗೆಮನೆಗೆ ದನಿ ಒಯ್ಯುವ ದಾರಿ ಯಂತ್ರದಲ್ಲಿ ಆಗಲೇ ಇತ್ತು. ಅಜ್ಜಿಯ ಮನೆಯ ಸೆಟ್ಟಿನಲ್ಲೂ ಆ ತೂತುಗಳಿದ್ದವಂತೆ. ತಂತಿ ಮಾತ್ರ ಯಾರೂ ಎಳೆಯಲಿಲ್ಲ.

“ಪಡಸಾಲ್ಯಾಗ ಗಂಡಸರು ಕುಂತಿರತಿದ್ರು. ದನಿ ಜೋರು ಮಾಡ್ರಿ ಅಂತ ಒಳಗಿಂದ ಹೆಂಗ ಒದರೂದು? ಒಗ್ಗರಣಿ ಹಾಕಿದ್ನೆಂದ್ರ ಹಾಡು ಮುಗದಂಗ,” ಎಂದಳು ಅಜ್ಜಿ. ಅವಳು ಸಂಗೀತ ಕೇಳಿದ್ದೆಲ್ಲ ಹೀಗೆ, ಒಲೆಯ ಸದ್ದಿನ ನಡುವೆ, ತುಂಡುತುಂಡಾಗಿ. ಅವಳು ಯಾವ ಕಡತದಲ್ಲೂ ಇಲ್ಲ. ಲೈಸೆನ್ಸಿನಲ್ಲಿದ್ದದ್ದು ಅಜ್ಜನ ಹೆಸರು.

ಹೊಸ ಮನೆಯಲ್ಲಿ ತಿರುಪು ಹೇಗೆ ತಿರುಗಿಸಬೇಕೆಂದು ಮಾವ ತೋರಿಸಿದ. ಅಜ್ಜಿ ಮೊದಲು ಮಾಡಿದ್ದು ದನಿಯನ್ನು ಪೂರ್ತಿ ಇಳಿಸುವುದು. ಪಡಸಾಲೆಯ ಹಾಡು ಅಡುಗೆಮನೆಯಲ್ಲಿ ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ತನಗೆ ಬೇಕಾದಷ್ಟು ಏರಿಸಿಕೊಂಡಳು.

ಇದನ್ನು ದೊಡ್ಡ ಬಿಡುಗಡೆ ಎಂದು ಬರೆಯಲಾರೆ. ಯಾವ ಹಾಡು ಎಂಬುದು ಈಗಲೂ ಪಡಸಾಲೆಯಲ್ಲೇ ತೀರ್ಮಾನವಾಗುತ್ತದೆ. ಸೆಲೆಕ್ಟರ್ ಕೊಟ್ಟದ್ದು ಅರ್ಧ ಅಧಿಕಾರ, ಬೇಡವಾದಾಗ ಬೇಡ ಎನ್ನುವಷ್ಟು. ಆ ಅರ್ಧ ಅವಳ ಕೈಗೆ ಬರಲು ಇಷ್ಟು ವರ್ಷ ಯಾಕೆ ಹಿಡಿಯಿತು ಎಂಬುದಕ್ಕೆ ಉತ್ತರ ತಂತ್ರಜ್ಞಾನದ ಚರಿತ್ರೆಯಲ್ಲಿ ಸಿಗದು, ಮನೆಯ ಚರಿತ್ರೆಯಲ್ಲಿ ಹುಡುಕಬೇಕು.