ಹಬ್ಬದೆಲೆಯ ಸಿಹಿ ಮತ್ತು ಜಿಡ್ಡು: ಒಂದು ಶತಮಾನದ ಚರಿತ್ರೆ

ಯುಗಾದಿ, ಗೌರಿಹಬ್ಬಗಳ ಊಟವನ್ನು ಆರೋಗ್ಯಕ್ಕೆ ಒಗ್ಗುವಂತೆ ಹಗುರಗೊಳಿಸಬೇಕೆಂಬ ಮಾತು ಇತ್ತೀಚಿನದು. ಆದರೆ ಆ ಊಟ ಭಾರವಾದದ್ದು ಯಾವಾಗ, ಯಾವ ಪದಾರ್ಥಗಳಿಂದ ಎಂದು ವಿಚಾರಿಸಿದರೆ, ಕನ್ನಡ ನಾಡಿನ ಮಟ್ಟಿಗೆ ಉತ್ತರ ಬಹುಪಾಲು ಇಪ್ಪತ್ತನೆಯ ಶತಮಾನದಲ್ಲಿಯೇ ದೊರೆಯುತ್ತದೆ. ಹಳೆಯ ಪಾಕಗ್ರಂಥಗಳಲ್ಲಿ ಜಿಡ್ಡು, ಸಿಹಿಗಳಿಗೆ ಕೊರತೆಯಿತ್ತೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣ, ಅಂದರೆ ಅರಸನ ಆಹಾರವನ್ನು ಕುರಿತ ಭಾಗ, ಕರಿದ ಭಕ್ಷ್ಯಗಳನ್ನೂ ಮಾಂಸದ ಅಡುಗೆಗಳನ್ನೂ ಧಾರಾಳವಾಗಿ ವರ್ಣಿಸುತ್ತದೆ, ಜೈನ ಕವಿ ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ ಶಾಕಾಹಾರಕ್ಕೇ ಸೀಮಿತವಾದರೂ ರುಚಿಯಲ್ಲಿ ಜಿಪುಣತನ ತೋರುವುದಿಲ್ಲ. ಇವೆಲ್ಲ ಉಳ್ಳವರ ಅಡುಗೆಮನೆಯ ಮಾತು. ರಾಗಿಮುದ್ದೆ ಅಥವಾ ಜೋಳದ ರೊಟ್ಟಿಯ ಮೇಲೆ ವರ್ಷ ಕಳೆಯುತ್ತಿದ್ದ ಒಕ್ಕಲು ಮನೆಗಳಿಗೆ ಅಕ್ಕಿಯ ಅನ್ನ, ಬೆಲ್ಲ, ತುಪ್ಪ ಒಟ್ಟಿಗೆ ಎಲೆಗೆ ಬೀಳುತ್ತಿದ್ದುದು ಹಬ್ಬ, ಮದುವೆಗಳಲ್ಲಿ ಮಾತ್ರ.

ಎಲೆಯ ರಚನೆಯಲ್ಲಿಯೂ ಒಂದು ಲೆಕ್ಕಾಚಾರವಿತ್ತು. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ತೆಂಗಿನತುರಿ ಬೆರೆಸಿದ ಕೋಸಂಬರಿಗೆ ಬೆಂಕಿ ಬೇಕಾದುದು ಒಗ್ಗರಣೆಗಷ್ಟೇ. ಒಬ್ಬಟ್ಟಿಗೆ ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ತೊಗರಿಬೇಳೆಯನ್ನೂ ಉತ್ತರ ಕರ್ನಾಟಕದಲ್ಲಿ ಕಡಲೆಬೇಳೆಯನ್ನೂ ಬೇಯಿಸಿ, ನೀರು ಬಸಿದು, ಬೆಲ್ಲದೊಡನೆ ರುಬ್ಬಿ ಹೂರಣ ಮಾಡುತ್ತಾರೆ. ಬಸಿದ ನೀರಾದ ‘ಕಟ್ಟು’ ಚೆಲ್ಲಿಹೋಗದೆ ಒಬ್ಬಟ್ಟಿನ ಸಾರಾಗುತ್ತದೆ. ಪಲ್ಯ, ಗೊಜ್ಜು, ತೊವ್ವೆ, ಕೊನೆಗೆ ಮಜ್ಜಿಗೆ ಸೇರಿದಾಗ, ಹಬ್ಬದ ಊಟವೆಂದರೆ ಸಿಹಿಯೂಟವೆಂಬ ಹೆಸರಿದ್ದರೂ ಎಲೆಯ ಬಹುಭಾಗ ಬೇಳೆ, ತರಕಾರಿಗಳದೇ ಆಗಿರುತ್ತಿತ್ತು.

ಈ ಲೆಕ್ಕವನ್ನು ಕೆಡಿಸಿದುದು ಅಗ್ಗವಾಗಿ ಒದಗಿದ ಪದಾರ್ಥಗಳು. 1932ರಲ್ಲಿ ಭಾರತದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ದೊರೆಯಿತು. ಕೃಷ್ಣರಾಜಸಾಗರದ ನೀರಿನಿಂದ ಕಬ್ಬು ಹಬ್ಬುತ್ತಿದ್ದ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಗಿರಣಿಯ ಪಾಲಿಶ್ ಅಕ್ಕಿ ತೌಡಿನೊಡನೆ ಬಿ ಜೀವಸತ್ವವನ್ನೂ ಕಳೆದುಕೊಂಡಿತು. ಎಲ್ಲಕ್ಕಿಂತ ಗಾಢವಾದ ಬದಲಾವಣೆ ತಂದುದು ವನಸ್ಪತಿ. ಸಸ್ಯಜನ್ಯ ಎಣ್ಣೆಯ ಮೂಲಕ ನಿಕ್ಕಲ್ ಲೋಹದ ಸಮ್ಮುಖದಲ್ಲಿ ಜಲಜನಕವನ್ನು ಹಾಯಿಸಿ ಅದನ್ನು ತುಪ್ಪದಂತೆ ಹೆಪ್ಪುಗಟ್ಟಿಸುವ ಈ ಕ್ರಮದಿಂದ ಹುಟ್ಟಿದ ಡಾಲ್ಡಾ 1937ರಲ್ಲಿ ಭಾರತದ ಮಾರುಕಟ್ಟೆಗೆ ಬಂದು, ತುಪ್ಪ ಕೊಳ್ಳಲಾಗದವರ ಚಿರೋಟಿ, ಮೈಸೂರುಪಾಕುಗಳಿಗೂ ತುಪ್ಪದ ಮೈಬಣ್ಣ ಕೊಟ್ಟಿತು. ಗಾಂಧೀಜಿ ಇದನ್ನು ವಿರೋಧಿಸಿದರು. ತುಪ್ಪಕ್ಕೆ ಇದನ್ನು ಬೆರೆಸಿದರೆ ಪತ್ತೆಯಾಗಲೆಂದು ವನಸ್ಪತಿಯಲ್ಲಿ ಕನಿಷ್ಠ 5 ಶೇಕಡ ಎಳ್ಳೆಣ್ಣೆ ಇರಬೇಕೆಂಬ ನಿಯಮ ಬಂದಿತು, ಏಕೆಂದರೆ ಎಳ್ಳೆಣ್ಣೆಯನ್ನು ಸರಳವಾದ ಬಣ್ಣದ ಪರೀಕ್ಷೆಯಿಂದ ಗುರುತಿಸಬಹುದು. ಗಮನಾರ್ಹವೆಂದರೆ, ಅಂದಿನ ಆತಂಕ ಮುಖ್ಯವಾಗಿ ಕಲಬೆರಕೆಯದು. ಅರೆಬರೆ ಹೆಪ್ಪುಗಟ್ಟಿದ ಎಣ್ಣೆಯಲ್ಲಿ ಉಂಟಾಗುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರವೆಂಬುದು ಸ್ಥಿರಪಟ್ಟುದು ಬಹುಕಾಲದ ನಂತರ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದರ ಮಿತಿಯನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಹಂತಹಂತವಾಗಿ ಇಳಿಸುತ್ತ 2021ರಲ್ಲಿ 3 ಶೇಕಡಕ್ಕೂ 2022ರಲ್ಲಿ 2 ಶೇಕಡಕ್ಕೂ ತಂದಿತು.

ಸಿಹಿಯ ವಿಷಯದಲ್ಲಿ ಸುಧಾರಣೆ ಅಷ್ಟು ನಿಖರವಾಗಿಲ್ಲ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಪಾಯಸ ಪಥ್ಯವಾಗುತ್ತದೆಂಬ ನಂಬಿಕೆ ಮನೆಮನೆಯಲ್ಲಿದೆ, ಅಂಗಡಿಗಳೂ ಅದನ್ನೇ ಮಾರುತ್ತವೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶವಿರುವುದು ನಿಜ, ಆದರೆ ಅದರ ಬಹುಪಾಲು ಸಕ್ಕರೆಯೇ ಆದ್ದರಿಂದ ತೂಕಕ್ಕೆ ತೂಕ ಎರಡೂ ಕೊಡುವ ಶಕ್ತಿ ಹೆಚ್ಚುಕಡಿಮೆ ಒಂದೇ, ಮಧುಮೇಹಿಗೆ ಎರಡೂ ಸಮನಾದ ಎಚ್ಚರಿಕೆಯ ವಸ್ತುಗಳು. ಹೂರಣದಲ್ಲಿ ಬೇಳೆಯ ಪಾಲು ಹೆಚ್ಚಿಸುವುದು, ಕಣಕಕ್ಕೆ ಮೈದಾದ ಬದಲು ಗೋಧಿಹಿಟ್ಟು ಬಳಸುವುದು, ಬಡಿಸುವಾಗ ಕೋಸಂಬರಿ, ಪಲ್ಯಗಳ ಪ್ರಮಾಣ ಏರಿಸಿ ಒಬ್ಬಟ್ಟನ್ನು ಒಂದಕ್ಕೆ ನಿಲ್ಲಿಸುವುದು ಇದಕ್ಕಿಂತ ಫಲಕಾರಿಯಾದ ಕ್ರಮಗಳು. ಆದರೆ ಮೂರನೆಯ ಒಬ್ಬಟ್ಟಿಗೆ ಬೇಡವೆನ್ನುವ ಅತಿಥಿಯ ಎಲೆಗೆ ಅದನ್ನು ಹಾಕದೆ ಬಿಡುವ ಪದ್ಧತಿ ಕನ್ನಡದ ಮನೆಗಳಲ್ಲಿ ಇನ್ನೂ ಬೇರೂರಿಲ್ಲ.