ಮೀಟಪ್

ಮೀಟಪ್ ಎಂಬುದು ಒಂದೇ ಊರಿನಲ್ಲಿ ಅಥವಾ ಅದರ ಆಸುಪಾಸಿನಲ್ಲಿ ವಾಸಿಸುವ, ಸಮಾನ ಆಸಕ್ತಿಯುಳ್ಳ ಅಪರಿಚಿತರನ್ನು ಮುಖಾಮುಖಿಯಾಗಿ ಸೇರಿಸುವ ಉದ್ದೇಶದ ಸಾಮಾಜಿಕ ಜಾಲತಾಣ. ಇದು 2002ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಆರಂಭವಾಯಿತು. ಬಹುತೇಕ ಜಾಲತಾಣಗಳು ಬಳಕೆದಾರರನ್ನು ಪರದೆಯ ಮುಂದೆ ಹಿಡಿದಿಡಲು ಯತ್ನಿಸಿದರೆ, ಅವರನ್ನು ಮನೆಯಿಂದ ಹೊರಗೆ ಕರೆತರುವುದು ಇದರ ಗುರಿಯಾಗಿತ್ತು.

ಹಿನ್ನೆಲೆ

ಮೀಟಪ್‌ನ ಸ್ಥಾಪಕರಲ್ಲಿ ಪ್ರಮುಖರು ಸ್ಕಾಟ್ ಹೈಫರ್‌ಮನ್. 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ದಿನಗಳಲ್ಲಿ, ಅದುವರೆಗೆ ಪರಸ್ಪರ ಮಾತನಾಡದ ನ್ಯೂಯಾರ್ಕಿನ ನೆರೆಹೊರೆಯವರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳತೊಡಗಿದುದನ್ನು ಅವರು ಗಮನಿಸಿದರು. ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ ಅವರ 'ಬೌಲಿಂಗ್ ಅಲೋನ್' (2000) ಕೃತಿಯೂ ಅವರಿಗೆ ಪ್ರೇರಣೆಯಾಯಿತು. ಅಮೆರಿಕನ್ನರು ಸಂಘಸಂಸ್ಥೆಗಳಿಂದ ಹಾಗೂ ನೆರೆಹೊರೆಯ ಒಡನಾಟದಿಂದ ದೂರ ಸರಿಯುತ್ತಿರುವುದನ್ನು ಆ ಕೃತಿ ಅಂಕಿಅಂಶಗಳೊಂದಿಗೆ ನಿರೂಪಿಸುತ್ತದೆ.

ಕಾರ್ಯವಿಧಾನ

ಸಂಘಟಕರೊಬ್ಬರು ಚಾರಣ, ಓದು, ಭಾಷಾಕಲಿಕೆ, ತಂತ್ರಾಂಶ ಮುಂತಾದ ವಿಷಯದ ಮೇಲೆ ಗುಂಪನ್ನು ರಚಿಸಿ, ಭೇಟಿಯ ಸ್ಥಳ ಮತ್ತು ಸಮಯವನ್ನು ಪ್ರಕಟಿಸುತ್ತಾರೆ. ಆಸಕ್ತರು ತಾವು ಬರುವುದಾಗಿ ಮುಂಚಿತವಾಗಿ ತಿಳಿಸುತ್ತಾರೆ. ಭಾರತದಲ್ಲಿ ಬೆಂಗಳೂರಿನಂತಹ, ಉದ್ಯೋಗಕ್ಕಾಗಿ ಹೊರಗಿನಿಂದ ಬಂದವರು ಹೆಚ್ಚಾಗಿರುವ ನಗರಗಳಲ್ಲಿ ಇಂತಹ ಗುಂಪುಗಳು ಸಕ್ರಿಯವಾಗಿವೆ.

ಬೆಳವಣಿಗೆ

2003ರಲ್ಲಿ ಅಮೆರಿಕದ ಅಧ್ಯಕ್ಷೀಯ ಸ್ಪರ್ಧೆಗೆ ಇಳಿದಿದ್ದ ಹೊವಾರ್ಡ್ ಡೀನ್ ಅವರ ಬೆಂಬಲಿಗರು ಈ ತಾಣದ ಮೂಲಕ ಊರೂರುಗಳಲ್ಲಿ ಸಭೆ ಸೇರಿದುದರಿಂದ ಮೀಟಪ್ ಪ್ರಸಿದ್ಧವಾಯಿತು. 2005ರಲ್ಲಿ ಸಂಘಟಕರಿಗೆ ಶುಲ್ಕ ವಿಧಿಸಿದಾಗ ಗುಂಪುಗಳ ಸಂಖ್ಯೆ ಇಳಿಯಿತು. 2017ರಲ್ಲಿ ವೀವರ್ಕ್ ಸಂಸ್ಥೆಯು ಮೀಟಪ್ಅನ್ನು ಕೊಂಡು, 2020ರಲ್ಲಿ ಮಾರಾಟ ಮಾಡಿತು. ಅದೇ ವರ್ಷ ಕೋವಿಡ್-19 ಸಾಂಕ್ರಾಮಿಕದ ಕಾರಣ, ಮುಖಾಮುಖಿ ಭೇಟಿಯ ನಿಯಮವನ್ನು ಸಡಿಲಿಸಿ ಆನ್‌ಲೈನ್ ಸಭೆಗಳಿಗೆ ಅವಕಾಶ ನೀಡಲಾಯಿತು. 2024ರಲ್ಲಿ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿಯು ಇದನ್ನು ಸ್ವಾಧೀನಪಡಿಸಿಕೊಂಡಿತು.

ಪರಿಚಯ ಮತ್ತು ಸ್ನೇಹ

ಜಾಲತಾಣವು ಪರಿಚಯಕ್ಕೆ ದಾರಿ ಮಾಡಿಕೊಡಬಲ್ಲದು. ಸ್ನೇಹ ಬೆಳೆಯಲು ಒಡನಾಟದ ಕಾಲಾವಧಿ ಬೇಕಾಗುತ್ತದೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಿತರು ಸಾಧಾರಣ ಸ್ನೇಹಿತರಾಗಲು ಸುಮಾರು 50 ಗಂಟೆ, ಸ್ನೇಹಿತರಾಗಲು ಸುಮಾರು 90 ಗಂಟೆ, ಆಪ್ತ ಸ್ನೇಹಿತರಾಗಲು 200ಕ್ಕೂ ಹೆಚ್ಚು ಗಂಟೆಗಳ ಒಡನಾಟ ಅಗತ್ಯ. ವಾರಕ್ಕೆ ಎರಡು ಗಂಟೆ ಸೇರುವ ಗುಂಪಿನಲ್ಲಿ ಮೊದಲ ಹಂತಕ್ಕೇ ಸುಮಾರು ಆರು ತಿಂಗಳು ಬೇಕೆಂದು ಇದರಿಂದ ಲೆಕ್ಕ ಹಾಕಬಹುದು. ಆದುದರಿಂದ ಒಮ್ಮೆ ಮಾತ್ರ ನಡೆಯುವ ದೊಡ್ಡ ಸಮಾವೇಶಕ್ಕಿಂತ, ಅದೇ ಜನರು ಮತ್ತೆ ಮತ್ತೆ ಸೇರುವ ಸಣ್ಣ ಗುಂಪುಗಳು ಸ್ನೇಹಕ್ಕೆ ಹೆಚ್ಚು ಅನುಕೂಲಕರ.

ಮಿತಿಗಳು

ಬರುವುದಾಗಿ ತಿಳಿಸಿದವರು ಗೈರುಹಾಜರಾಗುವುದು, ಸಂಘಟಕರು ಊರು ಬಿಟ್ಟಾಗ ಗುಂಪೇ ನಿಂತುಹೋಗುವುದು ಸಾಮಾನ್ಯ ತೊಂದರೆಗಳು. ಅಪರಿಚಿತರ ಗುರುತನ್ನು ತಾಣದ ಮಾಹಿತಿಯಿಂದಷ್ಟೇ ಖಚಿತಪಡಿಸಿಕೊಳ್ಳಲಾಗದ ಕಾರಣ, ಮೊದಲ ಭೇಟಿಗಳನ್ನು ಗ್ರಂಥಾಲಯ, ಉದ್ಯಾನ, ಉಪಾಹಾರ ಗೃಹಗಳಂತಹ ಸಾರ್ವಜನಿಕ ಸ್ಥಳಗಳಲ್ಲಿ ಏರ್ಪಡಿಸುವುದು ರೂಢಿಯಲ್ಲಿದೆ.