ಉಳಿದ ಇನ್ನೊಂದು ಕಣ್ಣು: ನಾಯಿಯ ಗ್ಲಾಕೋಮಾ ಮತ್ತು ಒತ್ತಡ ಅಳೆದವರ ಕಥೆ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ನನ್ನ ತಮ್ಮ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನ ಮಗ ಓದಲು ಹೋದ ಊರಿನಿಂದ ಒಂದು ಕಾಕರ್ ಸ್ಪ್ಯಾನಿಯಲ್ ಮರಿಯನ್ನು ತಂದಿದ್ದ. ಮನೆಯವರು ಅದಕ್ಕೆ ಮೋತಿ ಎಂದು ಹೆಸರಿಟ್ಟರು. ಅದಕ್ಕೆ ಆರು ವರ್ಷವಾಗಿದ್ದಾಗ, ಕಬ್ಬು ಕಡಿಯುವ ಹಂಗಾಮಿನಲ್ಲಿ ಒಂದು ದಿನ ಎಡಗಣ್ಣು ಕೆಂಪಾಯಿತು. ಫೋನಿನಲ್ಲಿ ತಮ್ಮ ಹೇಳಿದ: “ಅಣ್ಣಾ, ಧೂಳ ಬಿದ್ದೈತಿ, ನಾಲ್ಕ ದಿನದಾಗ ಆರಾಮ ಆಗ್ತೈತಿ.” ಅವ್ವನ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಉಳಿದಿದ್ದ ಹನಿಗಳನ್ನೇ ಹಾಕುತ್ತ ಹೋದರು. ನಾನೂ ಬೇಡವೆನ್ನಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಕಣ್ಣು ನೀಲಿಗಟ್ಟಿತು, ನಾಯಿ ಗೋಡೆಗೆ ಹಾಯತೊಡಗಿತು.

ದೂರದ ನಗರದಲ್ಲಿ ಪಶುವೈದ್ಯರೊಬ್ಬರು ಪೆನ್ನಿನಂತಹ ಉಪಕರಣವನ್ನು ಅದರ ಕಣ್ಣಿನ ಹತ್ತಿರ ಹಿಡಿದರು. ಎಡಗಣ್ಣಿಗೆ 52, ಬಲಗಣ್ಣಿಗೆ 19 ಎಂಬ ಅಂಕಿಗಳು ಕಂಡವು. “ಇದು ಹೋತ್ರೀ ಸರ್. ಇನ್ನೊಂದನ್ನ ಉಳಿಸ್ಕೊಳ್ಳೋದು ನೋಡೋಣು” ಎಂದರು. ಭೌತಶಾಸ್ತ್ರ ಪಾಠ ಮಾಡುವ ನನಗೆ ಒತ್ತಡದ ಮಾನಗಳು ಹೊಸವಲ್ಲ. ಆದರೆ ಚುಚ್ಚದೆ, ಕೊಯ್ಯದೆ, ಅಲುಗಾಡುವ ಪ್ರಾಣಿಯ ಮುಚ್ಚಿದ ಗೋಳದೊಳಗಿನ ಒತ್ತಡವನ್ನು ಅಳೆದದ್ದು ಹೇಗೆ? ಈ ಪ್ರಶ್ನೆಯ ಹಿಂದೆ ಹೋದರೆ ಸುಮಾರು ನಾಲ್ಕು ಶತಮಾನಗಳ ಇತಿಹಾಸ ತೆರೆದುಕೊಳ್ಳುತ್ತದೆ.

ಕಣ್ಣಿನೊಳಗಿನ ಬ್ಯಾರೇಜು

ಚಿಕ್ಕಪಡಸಲಗಿ ಎಂದರೆ ನಾಡಿನ ಜನರಿಗೆ ನೆನಪಾಗುವುದು ಕೃಷ್ಣಾ ನದಿಗೆ ರೈತರೇ ಹಣ ಮತ್ತು ಶ್ರಮ ಕೂಡಿಸಿ 1989ರಲ್ಲಿ ಕಟ್ಟಿದ ಬ್ಯಾರೇಜು, ಅಂದರೆ ಶ್ರಮಬಿಂದು ಸಾಗರ. ಅದರ ದಂಡೆಯ ಜನರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು: ಬರುವ ನೀರು ಬರುತ್ತಲೇ ಇದ್ದು ಹೋಗುವ ದಾರಿ ಮುಚ್ಚಿದರೆ ಮಟ್ಟ ಏರಲೇಬೇಕು. ಕಣ್ಣಿನ ಲೆಕ್ಕವೂ ಇದೇ.

ಕಣ್ಣಿನ ಮುಂಭಾಗದಲ್ಲಿ ಜಲರಸವೆಂಬ ತಿಳಿದ್ರವ ತುಂಬಿದೆ. ಐರಿಸ್‌ನ ಹಿಂದಿರುವ ಸಿಲಿಯರಿ ಭಾಗ ಅದನ್ನು ಎಡೆಬಿಡದೆ ಸ್ರವಿಸುತ್ತದೆ. ದ್ರವವು ಪಾಪೆಯ ಮೂಲಕ ಮುಂದೆ ಬಂದು, ಐರಿಸ್ ಮತ್ತು ಕಾರ್ನಿಯಾ ಸೇರುವ ಕೋನದಲ್ಲಿರುವ ಸೂಕ್ಷ್ಮ ಜಾಲರಿಯಿಂದ ಹೊರಹೋಗಿ ರಕ್ತಕ್ಕೆ ಸೇರುತ್ತದೆ. ಬರುವಿಕೆಯೂ ಹೋಗುವಿಕೆಯೂ ಸಮನಾಗಿದ್ದಾಗ ನಾಯಿಯ ಕಣ್ಣಿನ ಒಳ ಒತ್ತಡ ಸಾಮಾನ್ಯವಾಗಿ 10ರಿಂದ 25 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಇದನ್ನು ನೀರಿನ ಎತ್ತರಕ್ಕೆ ಪರಿವರ್ತಿಸಿದರೆ ಮೋತಿಯ ಬಲಗಣ್ಣಿನ 19 ಎಂಬುದು ಒಂದು ಗೇಣಿಗೆ ಸ್ವಲ್ಪ ಮೇಲೆ. ಎಡಗಣ್ಣಿನ 52 ಎಂಬುದು ಹೆಚ್ಚುಕಡಿಮೆ ಒಂದೂವರೆ ಮೊಳ. ಗುಂಡಿಯಲ್ಲಿ ನಿಂತ ನೀರಿಗೆ ಇದು ದೊಡ್ಡದಲ್ಲ. ಆದರೆ ಕಣ್ಣಿನ ಹಿಂಭಾಗದ ದೃಷ್ಟಿನರದ ನವಿರಾದ ತಂತುಗಳಿಗೆ ಇದು ಮಾರಕ. ಒತ್ತಡ ಥಟ್ಟನೆ ಏರಿದಾಗ ಒಂದೆರಡು ದಿನಗಳಲ್ಲಿಯೇ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಈ ರೋಗವೇ ಗ್ಲಾಕೋಮಾ.

ಬೆರಳಿನಿಂದ ತೂಕಕ್ಕೆ

ಕುರುಡಾದ ಕೆಲವು ಕಣ್ಣುಗಳು ಮುಟ್ಟಿದರೆ ಗಟ್ಟಿಯಾಗಿರುತ್ತವೆ ಎಂದು ಇಂಗ್ಲೆಂಡಿನ ಕಣ್ಣಿನ ವೈದ್ಯ ರಿಚರ್ಡ್ ಬ್ಯಾನಿಸ್ಟರ್ 1622ರಲ್ಲಿ ಬರೆದ. ಅನಂತರ ಎರಡು ಶತಮಾನಕ್ಕೂ ಹೆಚ್ಚು ಕಾಲ ವೈದ್ಯರ ಬೆರಳೇ ಮಾಪಕ. 1862ರಲ್ಲಿ ವಿಲಿಯಂ ಬೌಮನ್ ಈ ಗಡಸುತನವನ್ನು ದರ್ಜೆಗಳಾಗಿ ವಿಂಗಡಿಸಿದ. ಆದರೂ ಅದು ಒಬ್ಬೊಬ್ಬರ ಬೆರಳಿಗೆ ಒಂದೊಂದು ರೀತಿ ತೋರುವ ಅಳತೆ. ತೆಂಗಿನಕಾಯಿ ತಟ್ಟಿ ನೋಡಿದ ಹಾಗೆ, ಪಳಗಿದವರಿಗೆ ಮಾತ್ರ ದಕ್ಕುವಂಥದು.

ಈ ನಡುವೆ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ನೇತ್ರದರ್ಶಕವನ್ನು ಪ್ರಕಟಿಸಿದ. ಶಕ್ತಿಸಂರಕ್ಷಣೆಯ ನಿಯಮದ ಪಾಠದಲ್ಲಿ ನಾವು ಹೆಸರಿಸುವ ಹೆಲ್ಮ್‌ಹೋಲ್ಟ್ಸ್ ಇವನೇ. ಜೀವಂತ ಕಣ್ಣಿನ ಅಕ್ಷಿಪಟಲವೂ ದೃಷ್ಟಿನರದ ತುದಿಯೂ ಕಂಡವು. ಗ್ಲಾಕೋಮಾದಲ್ಲಿ ಆ ತುದಿ ಬಟ್ಟಲಿನಂತೆ ಗುಳಿಬೀಳುವುದು ತಿಳಿಯಿತು. 1857ರಲ್ಲಿ ಆಲ್‌ಬ್ರೆಕ್ಟ್ ಫಾನ್ ಗ್ರೇಫೆ ಐರಿಸ್‌ನ ಒಂದು ತುಂಡನ್ನು ಕತ್ತರಿಸಿ ತೆಗೆದು ತೀವ್ರ ಗ್ಲಾಕೋಮಾವನ್ನು ತಗ್ಗಿಸಬಹುದೆಂದು ತೋರಿಸಿದ. ರೋಗಕ್ಕೆ ಮೊದಲ ಬಾರಿ ಒಂದು ಮದ್ದು ದೊರೆತಿತ್ತು. ಅಂಕಿ ಮಾತ್ರ ಇನ್ನೂ ದೊರೆತಿರಲಿಲ್ಲ.

ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದವನು ನಾರ್ವೆಯ ಯಾಲ್ಮಾರ್ ಷಿಯೋಟ್ಸ್. 1905ರ ಅವನ ಉಪಕರಣದಲ್ಲಿ 5.5 ಗ್ರಾಂ ಭಾರದ ಒಂದು ಕಡ್ಡಿ ಕಾರ್ನಿಯಾವನ್ನು ಸ್ವಲ್ಪ ಕೆಳಕ್ಕೆ ಒತ್ತುತ್ತದೆ. ಕಣ್ಣು ಮೆತ್ತಗಿದ್ದಷ್ಟೂ ಕಡ್ಡಿ ಹೆಚ್ಚು ಇಳಿಯುತ್ತದೆ. ಮುಳ್ಳು ತೋರುವ ಆಳವನ್ನು ಕೋಷ್ಟಕದಲ್ಲಿ ನೋಡಿ ಒತ್ತಡ ತಿಳಿಯಬೇಕು. ಅಗ್ಗದ, ವಿದ್ಯುತ್ತು ಬೇಡದ ಈ ಸಾಧನವೇ ಮುಂದೆ ಪಶುವೈದ್ಯರ ಕೈಗೂ ಬಂತು. ಆದರೆ ಅದನ್ನು ಕಾರ್ನಿಯಾದ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಅದಕ್ಕಾಗಿ ಕಣ್ಣಿಗೆ ಅರಿವಳಿಕೆಯ ಹನಿ ಹಾಕಿ, ನಾಯಿಯ ಮೂತಿಯನ್ನು ಮೇಲ್ಮುಖವಾಗಿ ಎತ್ತಿ ಹಿಡಿಯಬೇಕು. ನೋವಿನಲ್ಲಿರುವ ನಾಯಿ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಮೇಲಾಗಿ ಕೋಷ್ಟಕ ಮನುಷ್ಯರ ಕಣ್ಣಿನದು. 1970ರ ದಶಕದಲ್ಲಿ ನಾಯಿಗೆಂದೇ ಬೇರೆ ಕೋಷ್ಟಕ ಸಿದ್ಧವಾಯಿತು. 1990ರ ದಶಕದ ಹೋಲಿಕೆಯಲ್ಲಿ ಮನುಷ್ಯರ ಕೋಷ್ಟಕವೇ ನಾಯಿಗೂ ವಾಸಿಯೆಂದು ಕಂಡಿತು! ಅಳತೆಯೆಂಬುದು ಎಷ್ಟು ಜಾಗರೂಕತೆಯ ಕೆಲಸವೆಂಬುದಕ್ಕೆ ಇದೊಂದು ನಿದರ್ಶನ.

3.06 ಮಿಲಿಮೀಟರಿನ ಜಾಣ್ಮೆ

ಗೋಳವನ್ನು ತಗ್ಗಾಗಿ ಒತ್ತುವ ಬದಲು ಚಪ್ಪಟೆ ಮಾಡಿದರೆ? ತೆಳುವಾದ ಗೋಳದ ಒಂದು ಭಾಗವನ್ನು ಚಪ್ಪಟೆ ಮಾಡಲು ಬೇಕಾದ ಬಲವನ್ನು ಆ ಚಪ್ಪಟೆ ಭಾಗದ ವಿಸ್ತೀರ್ಣದಿಂದ ಭಾಗಿಸಿದರೆ ಒಳಗಿನ ಒತ್ತಡ ಸಿಗುತ್ತದೆ. ಇಂಬರ್ಟ್ ಮತ್ತು ಫಿಕ್ 1880ರ ದಶಕದಲ್ಲಿ ಹೇಳಿದ ಈ ತತ್ತ್ವ ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿಯುವಂಥದು. ಆದರೆ ನಿಜವಾದ ಕಾರ್ನಿಯಾಕ್ಕೆ ದಪ್ಪವಿದೆ, ಬಿಗಿಯಿದೆ. ಅದು ಬಾಗಲು ಪ್ರತಿರೋಧ ಒಡ್ಡುತ್ತದೆ. ಇನ್ನೊಂದೆಡೆ ಕಣ್ಣೀರಿನ ಪದರದ ಮೇಲ್ಮೈ ಎಳೆತ ಉಪಕರಣವನ್ನು ಕಣ್ಣಿನತ್ತ ಸೆಳೆಯುತ್ತದೆ.

ಸ್ವಿಟ್ಜರ್ಲೆಂಡಿನ ಹಾನ್ಸ್ ಗೋಲ್ಡ್‌ಮನ್ 1950ರ ದಶಕದಲ್ಲಿ ಈ ಎರಡು ದೋಷಗಳನ್ನು ಒಂದಕ್ಕೊಂದು ಕಾದಾಡಲು ಬಿಟ್ಟ. ಚಪ್ಪಟೆ ವೃತ್ತದ ವ್ಯಾಸ 3.06 ಮಿಲಿಮೀಟರ್ ಇದ್ದಾಗ ಅವೆರಡೂ ಸರಿಸುಮಾರಾಗಿ ರದ್ದಾಗುತ್ತವೆ. ಓದುಗರು ಲೆಕ್ಕ ಹಾಕಿ ನೋಡಬಹುದು: ಆ ವೃತ್ತದ ವಿಸ್ತೀರ್ಣ 7.35 ಚದರ ಮಿಲಿಮೀಟರ್. ಅದರ ಮೇಲೆ 1 ಗ್ರಾಂ ಭಾರ, ಅಂದರೆ 0.0098 ನ್ಯೂಟನ್ ಬಲ ಹಾಕಿದರೆ ಒತ್ತಡ ಸುಮಾರು 1333 ಪಾಸ್ಕಲ್, ಎಂದರೆ ಸರಿಯಾಗಿ 10 ಮಿಲಿಮೀಟರ್ ಪಾದರಸ. ಕೋಷ್ಟಕವೇ ಬೇಡ, ಗ್ರಾಮನ್ನು ಹತ್ತರಿಂದ ಗುಣಿಸಿದರಾಯಿತು.

ಆದರೆ ಈ ಸೊಗಸಾದ ಉಪಕರಣ ಮೋತಿಗೆ ಪ್ರಯೋಜನವಿಲ್ಲ. ರೋಗಿ ಗದ್ದವನ್ನು ಆಧಾರದ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ, ನೇರ ನೋಡುತ್ತ ಕುಳಿತಿರಬೇಕು! ನಾಯಿಯ ಕಣ್ಣಿಗೆ ಅಳತೆ ತಡವಾಗಿ ಬಂದದ್ದು ಇದೇ ಕಾರಣಕ್ಕೆ. 1959ರ ಹೊತ್ತಿಗೆ ಅಮೆರಿಕದ ಮ್ಯಾಕೆ ಮತ್ತು ಮಾರ್ಗ್ ಚಪ್ಪಟೆ ಮಾಡುವ ತತ್ತ್ವವನ್ನು ಎಲೆಕ್ಟ್ರಾನಿಕ್ಸ್‌ಗೆ ಅಳವಡಿಸಿದರು. ಅದರ ಸಂತತಿಯಾದ ಟೋನೋಪೆನ್ 1980ರ ದಶಕದಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಯಿತು. 1990ರ ದಶಕದಲ್ಲಿ ಫಿನ್ಲೆಂಡಿನ ಆಂಟಿ ಕೊಂಟಿಯೋಲ ಇನ್ನೊಂದು ದಾರಿ ಹಿಡಿದ. ಹಗುರವಾದ ಒಂದು ಕಾಂತೀಯ ಕಡ್ಡಿ ಕಾರ್ನಿಯಾವನ್ನು ತಾಕಿ ಪುಟಿದು ಹಿಂದಿರುಗುತ್ತದೆ. ಕಣ್ಣು ಬಿಗಿಯಾಗಿದ್ದಷ್ಟೂ ಅದರ ವೇಗ ಬೇಗ ಕುಗ್ಗುತ್ತದೆ. ಚಲಿಸುವ ಕಾಂತ ಸುರುಳಿಯಲ್ಲಿ ಪ್ರೇರಿಸುವ ವಿದ್ಯುತ್ತಿನಿಂದ ಈ ಬದಲಾವಣೆಯನ್ನು ತಿಳಿಯುತ್ತಾರೆ. ಇದು ಫ್ಯಾರಡೆಯ ನಿಯಮವೇ. ಅರಿವಳಿಕೆಯ ಹನಿಯೂ ಬೇಡ. ತಾಕಿದ್ದು ನಾಯಿಗೆ ತಿಳಿಯುವಷ್ಟರಲ್ಲಿ ಅಳತೆ ಮುಗಿದಿರುತ್ತದೆ. ಮೋತಿಯ ಕಣ್ಣನ್ನು ಅಳೆದದ್ದು ಈ ಬಗೆಯ ಉಪಕರಣದಿಂದ.

ಹನಿಗಳ ಹಾದಿ

ಔಷಧಿಗಳ ಇತಿಹಾಸವೂ ಬ್ಯಾರೇಜಿನ ಲೆಕ್ಕದಂತೆಯೇ ಎರಡು ಕವಲಾಗಿದೆ: ಹೋಗುವ ದಾರಿ ತೆರೆಯುವುದು ಅಥವಾ ಬರುವುದನ್ನು ಕಡಿಮೆ ಮಾಡುವುದು. ಪಶ್ಚಿಮ ಆಫ್ರಿಕಾದ ಕಲಬಾರ್ ಪ್ರದೇಶದಲ್ಲಿ ಆರೋಪಿಗಳ ಸತ್ಯಪರೀಕ್ಷೆಗೆ ತಿನ್ನಿಸುತ್ತಿದ್ದ ವಿಷಬೀಜದಿಂದ ತೆಗೆದ ಫೈಸೋಸ್ಟಿಗ್ಮಿನ್ ಪಾಪೆಯನ್ನು ಕಿರಿದುಗೊಳಿಸಿ ದಾರಿ ತೆರೆಯುತ್ತದೆ. ಅದನ್ನು 1876ರಲ್ಲಿ ಗ್ಲಾಕೋಮಾಕ್ಕೆ ಬಳಸಿದ ಲುಡ್ವಿಗ್ ಲಾಕರ್‌ಗೆ ಸ್ವತಃ ಇದೇ ರೋಗವಿತ್ತು. 1954ರಲ್ಲಿ ಬರ್ನಾರ್ಡ್ ಬೆಕರ್ ಅಸೆಟಜೋಲಮೈಡ್ ಗುಳಿಗೆ ಜಲರಸದ ಉತ್ಪತ್ತಿಯನ್ನು ತಗ್ಗಿಸುವುದನ್ನು ತೋರಿಸಿದ. ಅಮೆರಿಕದಲ್ಲಿ 1978ರಲ್ಲಿ ಟಿಮೊಲೋಲ್, 1990ರ ದಶಕದ ನಡುವೆ ಡಾರ್ಜೋಲಮೈಡ್, 1996ರಲ್ಲಿ ಲೆಟನೊಪ್ರಾಸ್ಟ್ ಹನಿಗಳು ಬಳಕೆಗೆ ಬಂದವು. ಎಲ್ಲವೂ ಮನುಷ್ಯರಿಗಾಗಿ ಬಂದವು. ನಾಯಿಗಳು ಅವನ್ನು ಎರವಲು ಪಡೆದವು.

ಎರವಲಿನಲ್ಲಿ ಅಪಾಯವೂ ಉಂಟು. ಲೆಟನೊಪ್ರಾಸ್ಟ್ ನಾಯಿಯ ಪಾಪೆಯನ್ನು ಬಲವಾಗಿ ಕುಗ್ಗಿಸಿ ಒತ್ತಡವನ್ನು ಬೇಗ ಇಳಿಸುತ್ತದೆ. ಆದರೆ ಮಸೂರವು ಸ್ಥಾನ ತಪ್ಪಿ ಮುಂದೆ ಬಂದಿದ್ದರೆ ಅದೇ ಹನಿ ಕೇಡು ಮಾಡುತ್ತದೆ. ಪಾಪೆ ಹಿಗ್ಗಿಸುವ ಅಟ್ರೊಪಿನ್‌ನಂಥ ಹನಿ ಗ್ಲಾಕೋಮಾ ಇರುವ ಕಣ್ಣಿನ ಒತ್ತಡವನ್ನು ಇನ್ನೂ ಏರಿಸಬಲ್ಲದು. ಮನೆಯಲ್ಲಿ ಉಳಿದ ಹನಿಯನ್ನು ಊಹೆಯ ಮೇಲೆ ಹಾಕಿ ನಾವು ಕಳೆದುಕೊಂಡ ದಿನಗಳು ಇದಕ್ಕೇ ಎಚ್ಚರಿಕೆ.

ಇನ್ನೊಂದು ಕಣ್ಣಿನ ಲೆಕ್ಕ

ನಾಯಿಗಳ ಗ್ಲಾಕೋಮಾವನ್ನು ಆಳವಾಗಿ ಅರಿಯಲು ಒಂದು ಬೀಗಲ್ ಸಂತತಿ ನೆರವಾಯಿತು. ಫ್ಲಾರಿಡಾದ ಕರ್ಕ್ ಗೆಲಾಟ್ 1970ರ ದಶಕದಿಂದ ಅವುಗಳ ಅಧ್ಯಯನ ನಡೆಸಿದರು. ಅವುಗಳ ಒತ್ತಡ ವರ್ಷಗಟ್ಟಲೆ ನಿಧಾನವಾಗಿ ಏರುತ್ತಿತ್ತು. ಅದಕ್ಕೆ ಕಾರಣವಾದ ಜೀನಿನ ದೋಷ 2011ರಲ್ಲಿ ತಿಳಿಯಿತು. ಕಾಕರ್ ಸ್ಪ್ಯಾನಿಯಲ್, ಬ್ಯಾಸೆಟ್ ಹೌಂಡ್, ಸೈಬೀರಿಯನ್ ಹಸ್ಕಿ ಮೊದಲಾದ ತಳಿಗಳಲ್ಲಿ ಸಾಮಾನ್ಯವಾದದ್ದು ಕೋನ ಮುಚ್ಚಿಕೊಂಡು ಥಟ್ಟನೆ ಬರುವ ಬಗೆ. ಪಕ್ಕದ ತಾಲ್ಲೂಕಿನ ಹೆಸರು ಹೊತ್ತು, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ನಮ್ಮ ಮುಧೋಳ ನಾಯಿ ಈ ತಳಿಗಳ ಸಾಲಿನದಲ್ಲ. ಆದರೆ ಮುಳ್ಳಿನ ಗಾಯ, ಕಣ್ಣಿನೊಳಗಿನ ಉರಿಯೂತ, ಜಾರಿದ ಮಸೂರ ಇವುಗಳಿಂದ ಬರುವ ಗ್ಲಾಕೋಮಾಕ್ಕೆ ತಳಿಯ ಭೇದವಿಲ್ಲ.

ಆನುವಂಶಿಕ ಬಗೆಯಲ್ಲಿ ದೋಷ ಎರಡು ಕಣ್ಣುಗಳಲ್ಲೂ ಇರುತ್ತದೆ. ರೋಗ ಮೊದಲು ಒಂದರಲ್ಲಿ ಕಾಣಿಸುತ್ತದೆ. 2000ದಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯವಾದದ್ದು. ಒಂದು ಕಣ್ಣಿಗೆ ರೋಗ ಬಂದ ನಾಯಿಗಳ ಇನ್ನೊಂದು ಕಣ್ಣಿಗೆ ಏನೂ ಹಾಕದಿದ್ದಾಗ, ಅದಕ್ಕೂ ರೋಗ ತಗಲುವ ಮಧ್ಯಕ ಅವಧಿ 8 ತಿಂಗಳು. ಆರೋಗ್ಯವಾಗಿರುವಾಗಲೇ ಹನಿ ಆರಂಭಿಸಿದರೆ ಅದು ಸುಮಾರು 30 ತಿಂಗಳು. ನಾಯಿಯ ಆಯುಷ್ಯದಲ್ಲಿ ಈ ಎರಡು ವರ್ಷ ಸಣ್ಣ ಕಾಲವಲ್ಲ. ಇನ್ನೊಂದು ಸರಳ ಸಂಗತಿ 2006ರಲ್ಲಿ ಪ್ರಕಟವಾಯಿತು: ಕೊರಳಪಟ್ಟಿಗೆ ಕಟ್ಟಿದ ಹಗ್ಗವನ್ನು ನಾಯಿ ಜಗ್ಗಿದಾಗ ಕಣ್ಣಿನ ಒತ್ತಡ ಏರುತ್ತದೆ, ಎದೆಗೆ ಹಾಕುವ ಪಟ್ಟಿಯಲ್ಲಿ ಹಾಗಾಗುವುದಿಲ್ಲ.

ಹೀಗಾಗಿ ಗಮನಿಸಬೇಕಾದ ಲಕ್ಷಣಗಳನ್ನು ನೆನಪಿಡುವುದು ಒಳ್ಳೆಯದು: ಕೆಂಪು ಕಣ್ಣು, ಮಂಜಾದ ಅಥವಾ ನೀಲಿಛಾಯೆಯ ಕಾರ್ನಿಯಾ, ಬೆಳಕಿಗೂ ಕುಗ್ಗದ ದೊಡ್ಡ ಪಾಪೆ, ಕಣ್ಣು ಕಿರಿದು ಮಾಡುವುದು, ಉಣ್ಣದೆ ಮೂಲೆಗೆ ಮಲಗುವುದು. ಇವುಗಳಲ್ಲಿ ಎರಡು ಕೂಡಿ ಕಂಡರೂ ಅದೇ ದಿನ ಒತ್ತಡ ಅಳೆಸಬೇಕು. ಒಂದು ವಾರ ಕಾಯುವ ರೋಗವಲ್ಲ ಇದು.

ಮೋತಿಯ ಎಡಗಣ್ಣನ್ನು ಕೊನೆಗೆ ತೆಗೆಸಬೇಕಾಯಿತು. ನಮಗೆ ಅದು ಕ್ರೂರವೆನಿಸಿತ್ತು. ಆದರೆ ಕುರುಡಾದ ಕಣ್ಣು ಒತ್ತಡದಿಂದ ನೋಯುತ್ತಲೇ ಇರುತ್ತದೆ. ಅದು ಹೋದ ನಾಲ್ಕನೆಯ ದಿನ ನಾಯಿ ಹೊಲದ ಬದುವಿನ ಮೇಲೆ ಓಡಿದ್ದನ್ನು ನೋಡಿದ ಮೇಲೆ, ಅದು ಎಷ್ಟು ನೋವನ್ನು ಸದ್ದಿಲ್ಲದೆ ತಡೆದಿತ್ತೆಂಬುದು ತಿಳಿಯಿತು. ಬಲಗಣ್ಣಿಗೆ ದಿನಕ್ಕೆ ಎರಡು ಹೊತ್ತು ಹನಿ. ತಮ್ಮನ ಮನೆಯಲ್ಲಿ ಕಬ್ಬಿನ ತೂಕದ ಲೆಕ್ಕ ಬರೆಯುವ ವಹಿಯ ಹಿಂದಿನ ಹಾಳೆಯಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಅಂಕಿ ಸೇರುತ್ತದೆ: 19, 17, 18, 21, 20. ಎರಡು ವರ್ಷ ತುಂಬಿ ಕೆಲವು ತಿಂಗಳಾದವು. ಈ ಸಲದ ಅಂಕಿ 24. ವೈದ್ಯರು ಇನ್ನೊಂದು ಹನಿ ಸೇರಿಸಿದ್ದಾರೆ. ಇನ್ನು ಮುಂದೆ ತಿಂಗಳಿಗೊಮ್ಮೆ ಬರಬೇಕೆಂದಿದ್ದಾರೆ.

ಈ ರೋಗವನ್ನು ಗುಣಪಡಿಸಿದೆವೆಂದು ಹೇಳುವವರು ಇನ್ನೂ ಯಾರೂ ಇಲ್ಲ. ಬ್ಯಾನಿಸ್ಟರನ ಬೆರಳಿನಿಂದ ಕೊಂಟಿಯೋಲನ ಕಡ್ಡಿಯವರೆಗಿನ ಇತಿಹಾಸ ನಮಗೆ ಕೊಟ್ಟಿರುವುದು ಮಟ್ಟವನ್ನು ಮೊದಲೇ ತಿಳಿಯುವ ಶಕ್ತಿಯನ್ನು. ನದಿಯ ದಂಡೆಯಲ್ಲಿ ಬದುಕುವವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮನೆಯ ನಾಯಿಯ ಒಂದು ಕಣ್ಣು ಈ ರೋಗದಿಂದ ಹೋಗಿದ್ದರೆ, ಇನ್ನೊಂದನ್ನು ಇಂದೇ ಅಳೆಸಿರಿ.